ಹಾಸನದಲ್ಲಿ ಕಟ್ಟುವ ಮನೆ, ಬೆಂಗಳೂರಿನ ಕಂಟ್ರಾಕ್ಟರ್

ಹಾಸನದ ಸೈಟಿನಲ್ಲಿ ಮನೆ ಕಟ್ಟೋಕೆ ಬೆಂಗಳೂರಿನ ಕಂಟ್ರಾಕ್ಟರ್‌ಗೆ ಕೊಟ್ಟರೆ ಊರಿಗೇನು ನಷ್ಟ ಅಂತ ಕೇಳಿದ್ದೀರಿ. ಅವರು ತಮ್ಮ ಆಳುಗಳನ್ನೇ ಕರೆತಂದರೆ ಖಂಡಿತ ನಷ್ಟ ಸಾರ್. ಸಿಮೆಂಟು, ಕಬ್ಬಿಣದ ದುಡ್ಡು ಹೇಗಿದ್ದರೂ ಬಹುಪಾಲು ಹೊರಗೆ ಹೋಗುತ್ತದೆ. ಊರಲ್ಲಿ ಉಳಿಯೋದು ಕೂಲಿ, ಜಲ್ಲಿ, ಮರಗೆಲಸದ ದುಡ್ಡು. ಮೋಲ್ಡ್, ಅಂದರೆ ತಾರಸಿಯ ಕಾಂಕ್ರೀಟ್ ಹಾಕುವ ದಿನ ನೋಡಿ: ಸೆಂಟ್ರಿಂಗ್‌ನವರು, ಮಿಕ್ಸರ್‌ನವರು, ಬಾಂಡ್ಲಿ ಹೊರುವ ಹೆಂಗಸರು, ಅಷ್ಟೂ ಜನಕ್ಕೆ ಊಟ ಕಳಿಸುವ ಪಕ್ಕದ ಹೋಟೆಲ್‌ನವರು. ಸಂಜೆ ಸಿಕ್ಕ ಕೂಲಿ ನೇರ ದಿನಸಿ ಅಂಗಡಿಗೆ, ಮಕ್ಕಳ ಫೀಸಿಗೆ. ಜೋರು ಮಳೆಗೆ ಕೆಲಸ ನಿಂತರೆ ಅಂಗಡಿಯಲ್ಲಿ ಸಾಲ ಜಾಸ್ತಿ ಆಗುತ್ತೆ, ಅಲ್ವಾ?

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯ ನೋಂದಣಿ ಆದವರಿಗೆ ಮಾತ್ರ. ಅದಕ್ಕೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಯಾರಿಗೇ ಕೆಲಸ ಕೊಟ್ಟರೂ, ಕೆಲಸದವರಿಗೆ ಆ ದಾಖಲೆಯ ಪತ್ರ ಮಾಡಿಸಿಕೊಡಿ ಅಂತ ಮೊದಲೇ ಹೇಳಿಬಿಡಿ.