ಸೆಕೆಗೂ ಹೊಟ್ಟೆನೋವಿಗೂ ನಂಟಿದೆಯೇ?

ಪ್ರಶ್ನೆ: ಹೋದ ವರ್ಷ ಬೇಸಿಗೆಯಲ್ಲಿ ನನಗೆ ಕಿಡ್ನಿ ಕಲ್ಲಿನ ನೋವು ಬಂತು. ಈ ಸಲವೂ ಸೆಕೆ ಏರಿದ ವಾರದಲ್ಲೇ ಮತ್ತೆ ಕಾಣಿಸಿಕೊಂಡಿತು. ಅದೇ ವಾರ ತಂಗಿಯ ಮಗನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ‘ಹವೆ ಬದಲಾಗಿದೆ, ಅದಕ್ಕೇ ಹೊಟ್ಟೆನೋವು’ ಅಂತ ಎರಡು ದಿನ ನಾವೆಲ್ಲ ಸುಮ್ನೆ ಇದ್ದೆವು. ಹವಾಮಾನಕ್ಕೂ ಇಂಥ ಹೊಟ್ಟೆನೋವಿಗೂ ನಿಜವಾಗಿ ಸಂಬಂಧ ಇದೆಯಾ ಡಾಕ್ಟರೇ?

ಉತ್ತರ: ಇದೆ. ನಿಮ್ಮ ಕಲ್ಲಿನ ವಿಷಯದಲ್ಲಂತೂ ಖಂಡಿತ ಇದೆ. ಸೆಕೆಗೆ ಬೆವರು ಜಾಸ್ತಿ ಹೋಗುತ್ತದೆ, ಮೂತ್ರ ಕಡಿಮೆಯಾಗಿ ಗಾಢವಾಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುತ್ತವೆ. ಬಿಸಿಲು ಏರಿದ ಕೆಲವೇ ದಿನಗಳಲ್ಲಿ ಕಲ್ಲಿನ ನೋವಿನವರು ಆಸ್ಪತ್ರೆಗೆ ಬರುವುದು ಹೆಚ್ಚುತ್ತದೆ. ಎಷ್ಟು ಲೋಟ ನೀರು ಕುಡಿದಿರಿ ಅನ್ನುವ ಲೆಕ್ಕಕ್ಕಿಂತ ಮೂತ್ರದ ಮೇಲೆ ಕಣ್ಣಿಡಿ. ದಿನಕ್ಕೆ ಸುಮಾರು 2.5 ಲೀಟರ್ ಹೋಗಬೇಕು, ಬಣ್ಣ ತಿಳಿಯಾಗಿರಬೇಕು. ಹೃದಯದ ತೊಂದರೆ ಇದ್ದರೆ ಅಥವಾ ಕಿಡ್ನಿ ದುರ್ಬಲವಾಗಿದ್ದರೆ ಮಾತ್ರ ನಿಮ್ಮ ವೈದ್ಯರನ್ನು ಕೇಳಿಯೇ ನೀರು ಹೆಚ್ಚಿಸಿ.

ವಾಂತಿಭೇದಿಗೂ ಕಾಲದ ಗುರುತಿದೆ. ಸೆಕೆಯಲ್ಲಿ ಹೊರಗಿಟ್ಟ ಅಡುಗೆಯಲ್ಲಿ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡು ಪಟ್ಟಾಗಬಲ್ಲವು. ಜೋರು ಮಳೆಗೆ ಚರಂಡಿ ನೀರು ಕುಡಿಯುವ ನೀರಿಗೆ ಸೇರಿದರೆ ಕಾಲರಾ, ಟೈಫಾಯ್ಡ್ ಹರಡುತ್ತವೆ. ವಾಂತಿಭೇದಿ ತರುವ ನೊರೊವೈರಸ್ ಎಂಬ ವೈರಸ್ ಮಾತ್ರ ತಂಪು ದೇಶಗಳಲ್ಲಿ ಚಳಿಗಾಲದಲ್ಲಿ ಹೆಚ್ಚು.

ಅಪೆಂಡಿಕ್ಸ್ ಕೂಡ ಹಲವು ದೇಶಗಳಲ್ಲಿ ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ. ಕಾರಣ ಇನ್ನೂ ಇತ್ಯರ್ಥವಾಗಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಎರಡು ದಿನ. ಯಾವ ಕಾಲದಲ್ಲಿ ಯಾವ ಕಾಯಿಲೆ ಹೆಚ್ಚು ಅನ್ನುವುದು ಸಾವಿರಾರು ಜನರ ಲೆಕ್ಕ. ಎದುರಿಗೆ ಹೊಟ್ಟೆ ಹಿಡಿದುಕೊಂಡು ಮಲಗಿರುವ ಹುಡುಗನಿಗೆ ಏನಾಗಿದೆ ಅಂತ ಅದು ಹೇಳುವುದಿಲ್ಲ. ನೋವು ಹೇಗಿದೆ, ಎಲ್ಲಿಗೆ ಸರಿಯುತ್ತಿದೆ ಅಂತ ನೋಡಬೇಕು.

ಕಲ್ಲಿನ ನೋವಿನವರು ಒಂದು ಕಡೆ ಕೂರಲಾರರು. ಏಳುತ್ತಾರೆ, ಓಡಾಡುತ್ತಾರೆ, ಮತ್ತೆ ಮಲಗಿ ಹೊರಳಾಡುತ್ತಾರೆ. ನಿಮಗೂ ಹಾಗೇ ಆಗಿರಬೇಕು, ಅಲ್ವಾ? ಅಪೆಂಡಿಕ್ಸ್‌ನವರು ಅಲುಗಾಡದೆ ಮಲಗುತ್ತಾರೆ. ಮೊದಲು ಹೊಕ್ಕುಳ ಸುತ್ತ ನೋವು. ಊಟ ಬೇಡ, ಒಂದೆರಡು ವಾಂತಿ. ಕೆಲವು ಗಂಟೆ ಕಳೆದ ಮೇಲೆ ನೋವು ಬಲಗಡೆ ಕೆಳಹೊಟ್ಟೆಗೆ ಬಂದು ಕೂರುತ್ತದೆ. ಬರುವ ದಾರಿಯಲ್ಲಿ ಗಾಡಿ ಹಂಪ್ ಹತ್ತಿದಾಗಲೆಲ್ಲ ಜೀವ ಹೋದಂತಾಯಿತು ಅನ್ನುತ್ತಾರೆ. ‘ಒಂದ್ಸಲ ಕೆಮ್ಮು ಪುಟ್ಟಾ’ ಅಂದರೆ, ಕೆಮ್ಮುವ ಮೊದಲೇ ಮಗುವಿನ ಕೈ ಆ ಜಾಗಕ್ಕೆ ಹೋಗಿರುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಲ್ಲಿ ಲಕ್ಷಣಗಳು ಇಷ್ಟು ಸರಿಯಾಗಿ ಕಾಣದೆಯೂ ಇರಬಹುದು. ಅದಕ್ಕೇ ಅವರ ವಿಷಯದಲ್ಲಿ ಇನ್ನೂ ಬೇಗ ಹೊರಡಿ.

ಆರು ಗಂಟೆಯಾದರೂ ಬಿಡದ ಜೋರು ನೋವು, ಹಲಗೆಯಂತೆ ಬಿಗಿದ ಹೊಟ್ಟೆ, ಹಸಿರು ವಾಂತಿ, ಮಲದಲ್ಲಿ ರಕ್ತ. ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ಹೊಟ್ಟೆ ಕ್ಲೀನ್ ಆಗಲಿ ಅಂತ ಭೇದಿ ಮಾತ್ರೆ ಕೊಡಬೇಡಿ, ಊದಿದ ಅಪೆಂಡಿಕ್ಸ್ ಒಡೆಯಬಹುದು. ನಿಮಗೊಂದು ಮಾತು: ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಕಲ್ಲು ಮೂತ್ರದ ದಾರಿ ಕಟ್ಟಿ, ಮೇಲೆ ಸೋಂಕು ಸೇರಿರಬಹುದು. ಅದಕ್ಕೆ ರಾತ್ರಿಯೇ ಚಿಕಿತ್ಸೆ ಆಗಬೇಕು.