ಜರ್ಮನಿಗೆ ತುಪ್ಪ, ಮೈದಾ ತರಬೇಕಾ?

ಓದಲು ಜರ್ಮನಿಗೆ ಬರುತ್ತಿದ್ದೀರಿ, ಅಮ್ಮ ಮೈದಾ, ಚಿರೋಟಿ ರವೆ, ಸೋಡಾ, ಒಂದು ಡಬ್ಬಿ ತುಪ್ಪ ಕಟ್ಟಿಕೊಡುತ್ತಿದ್ದಾರೆ, ತರಲೋ ಬೇಡವೋ ಎಂದು ಕೇಳಿದ್ದೀರಿ. ಜೊತೆಗೆ ಚಳಿ, ರೂಮು, ಭಾಷೆಯ ಪ್ರಶ್ನೆಗಳೂ ಇವೆ. ನಾನ್‌ಖಟಾಯಿ ಇಲ್ಲದೆ ನಿಮ್ಮನೆಯಲ್ಲಿ ದೀಪಾವಳಿ ಆಗುವುದಿಲ್ಲ ಎಂದು ಬರೆದಿದ್ದೀರಲ್ಲ, ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ದಪ್ಪ ಜಾಕೆಟ್ ಇಲ್ಲೇ ಕೊಳ್ಳಿ. ರೂಮಿಗೆ ಇವತ್ತೇ ಅರ್ಜಿ ಹಾಕಿ. ಭಾಷೆ ಊರಲ್ಲೇ ಕಲಿಯಲು ಶುರು ಮಾಡಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು, ತರಕಾರಿ ತಂದಿಡಿ. ಉಳಿದದ್ದು ಬಂದ ಮೇಲೆ ತಾನಾಗೇ ಗೊತ್ತಾಗುತ್ತದೆ.

ಮೈದಾ ಹೊತ್ತು ತರಬೇಡಿ. ಇಲ್ಲಿ ಹಿಟ್ಟಿನ ಪೊಟ್ಟಣದ ಮೇಲೆ ಒಂದು ಸಂಖ್ಯೆ ಇರುತ್ತದೆ: 405, 550, 1050. ಹಿಟ್ಟು ಸುಟ್ಟರೆ ಎಷ್ಟು ಬೂದಿ ಉಳಿಯುತ್ತದೆ ಎಂಬ ಲೆಕ್ಕ ಅದು. ಸಂಖ್ಯೆ ಚಿಕ್ಕದಾದಷ್ಟೂ ಹಿಟ್ಟು ಬಿಳಿ. ಬಿಸ್ಕತ್ತು, ಕೇಕಿಗೆ 405 ನಮ್ಮ ಮೈದಾಕ್ಕೆ ಹತ್ತಿರ, ಬನ್ನಿಗೆ 550. ಅಡುಗೆ ಸೋಡಾಕ್ಕೆ ನಾಟ್ರೋನ್ ಎನ್ನುತ್ತಾರೆ. ಬೇಕಿಂಗ್ ಪೌಡರ್ ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಸಿಗುತ್ತದೆ, ಒಂದು ಪೊಟ್ಟಣ ಅರ್ಧ ಕಿಲೋ ಹಿಟ್ಟಿಗೆ. ಏಲಕ್ಕಿ ಮಾತ್ರ ತನ್ನಿ, ಇಲ್ಲಿ ದುಬಾರಿ.

ತುಪ್ಪ ಖಂಡಿತ ಬೇಡ. ಭಾರತದಿಂದ ಬರುವವರು ಯುರೋಪಿಯನ್ ಒಕ್ಕೂಟದೊಳಗೆ ಹಾಲು, ಬೆಣ್ಣೆ, ತುಪ್ಪ, ಖೋವಾ ತರುವಂತಿಲ್ಲ. ಮಾಡಿದ ಬಿಸ್ಕತ್ತಿಗೆ ಅಡ್ಡಿಯಿಲ್ಲ. ನಾನು ಬಂದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ನನ್ನಮ್ಮ ತಿಂಗಳುಗಟ್ಟಲೆ ಕೆನೆ ಕೂಡಿಟ್ಟು, ಕಡೆದು, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ. ಡಬ್ಬಿಯ ಬಾಯಿಗೆ ಹಳೇ ಪಂಚೆಯ ಬಟ್ಟೆ ಕಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ತೆಗೆದು ಪಕ್ಕಕ್ಕಿಟ್ಟರು. ಒರಟಾಗಿ ಏನೂ ಮಾತಾಡಲಿಲ್ಲ, ನಿಯಮ ಇದ್ದದ್ದೇ ಹಾಗೆ. ಆಮೇಲೆ ಫೋನು ಮಾಡಿದಾಗಲೆಲ್ಲ ಅಮ್ಮ "ತುಪ್ಪ ಇದ್ಯಾ, ಮುಗೀತಾ?" ಎಂದು ಕೇಳುತ್ತಿದ್ದರು. ಇದೆ ಅಮ್ಮ, ಜೋಪಾನವಾಗಿ ಬಳಸುತ್ತಿದ್ದೇನೆ ಎನ್ನುತ್ತಿದ್ದೆ. ಅವರು ಹೋಗುವವರೆಗೂ ನಿಜ ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ತುಪ್ಪ ಕಾಯಿಸುವಾಗ ಅದೇ ನೆನಪಾಗುತ್ತದೆ. ನಿಮ್ಮ ಅಮ್ಮನಿಗೆ ಈಗಲೇ ಬಿಡಿಸಿ ಹೇಳಿ. ಬೇಜಾರಾಗಬಹುದು, ಆದರೂ ಆ ತುಪ್ಪ ಮನೆಯಲ್ಲೇ ಉಳಿಯುತ್ತದೆ.

ಇನ್ನು ನಾನ್‌ಖಟಾಯಿ. ಇಲ್ಲಿನ ಬೆಣ್ಣೆಯನ್ನು ಹಾಗೇ ಹಾಕಿದರೆ ಅದು ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು 82 ಭಾಗ, ಉಳಿದದ್ದರಲ್ಲಿ ಹೆಚ್ಚಿನದು ನೀರು. ನಮ್ಮ ಮನೆಗಳಲ್ಲಿ ಹಾಕುತ್ತಿದ್ದದ್ದು ಡಾಲ್ಡಾ ಅಲ್ವಾ? ಅದರಲ್ಲಿ ನೀರೇ ಇಲ್ಲ, ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೇ ಉಂಡೆ ನಿಂತು, ಮೇಲೆ ಚೆಂದವಾಗಿ ಬಿರುಕು ಬಿಡುತ್ತಿತ್ತು. ಇಲ್ಲಿ ಬುಟರ್‌ಷ್ಮಾಲ್ಟ್ಸ್ ಎಂದು ನೀರು ತೆಗೆದ ಬೆಣ್ಣೆ ಮಾರುತ್ತಾರೆ. ಅದನ್ನು ಗಟ್ಟಿಯಾಗಿರುವಾಗಲೇ ಸಕ್ಕರೆ ಪುಡಿಯ ಜೊತೆ ಬೆಳ್ಳಗಾಗುವವರೆಗೆ ನಾದಿ, ಆಮೇಲೆ ಹಿಟ್ಟು, ರವೆ, ಚಿಟಿಕೆ ಸೋಡಾ. ಉಂಡೆಗಳನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಬೇಯಿಸಿ. ಓವನ್ನಿನಲ್ಲಿ ಫ್ಯಾನಿನ ಗುರುತು ಇಟ್ಟರೆ ಶಾಖ ಮಾಮೂಲಿಗಿಂತ 20 ಡಿಗ್ರಿ ಇಳಿಸಿ.

ನಾನು ಹಾಸನದವಳು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ಕಟ್ಟಿದವರಲ್ಲಿ ಬಹಳ ಮಂದಿ ನಮ್ಮ ಕಡೆಯವರೇ, ಅದು ನನಗೆ ಇಲ್ಲೂ ಹೆಮ್ಮೆ. ಚಿಕ್ಕವಳಿದ್ದಾಗ ಮನೆಯಲ್ಲಿ ಓವನ್ ಎಲ್ಲಿತ್ತು? ಅಮ್ಮ ಉಂಡೆ ಕಟ್ಟಿ ತಟ್ಟೆಯಲ್ಲಿ ಜೋಡಿಸಿ ಕೊಡುತ್ತಿದ್ದರು, ನಾನು ಮೂಲೆ ಬೇಕರಿಗೆ ಹೊತ್ತೊಯ್ಯುತ್ತಿದ್ದೆ. ಬ್ರೆಡ್ ಇಳಿಸಿದ ಮೇಲೆ ಸೌದೆ ಒಲೆಯಲ್ಲಿ ಉಳಿದ ಶಾಖಕ್ಕೆ ನಮ್ಮ ತಟ್ಟೆ. ಒಳಗೆ ಮೂಗಿಗೆ ಚುರ್ರೆನ್ನುವ ಒಂದು ವಾಸನೆ. ಬಿಸ್ಕತ್ತಿಗೆ ಹಾಕುವ ಅಮೋನಿಯಾ ಅದು.

ಅದು ಇಲ್ಲೂ ಸಿಗುತ್ತದೆ! ಹಿರ್ಷ್‌ಹಾರ್ನ್‌ಜಾಲ್ಟ್ಸ್ ಎಂದು ಕೇಳಿ. ಜರ್ಮನರು ಕ್ರಿಸ್‌ಮಸ್‌ಗೆ ಮಾಡುವ ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತಿಗೆ ಹಾಕುತ್ತಾರೆ. ಪೊಟ್ಟಣ ಬಿಚ್ಚಿದ ತಕ್ಷಣ ನನಗೆ ಹಾಸನದ ಆ ಬೇಕರಿಯೇ ಕಣ್ಣೆದುರು ಬಂತು. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತಿನಂಥ ತೆಳ್ಳನೆಯ, ಒಣಗಿದ ತಿಂಡಿಗೆ ಮಾತ್ರ ಬಳಸಿ. ದಪ್ಪ ಕೇಕಿಗೆ ಹಾಕಿದರೆ ಅನಿಲ ಒಳಗೇ ಉಳಿದು ಬಾಯಿಗಿಡಲು ಆಗುವುದಿಲ್ಲ. ಹಸಿ ಹಿಟ್ಟನ್ನೂ ರುಚಿ ನೋಡಬೇಡಿ. ನವೆಂಬರ್, ಡಿಸೆಂಬರಿನಲ್ಲಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಹಬ್ಬ ಕಳೆದರೆ ಹುಡುಕಬೇಕಾಗುತ್ತದೆ. ಕಂಡಾಗ ಒಂದೆರಡು ಪೊಟ್ಟಣ ಜಾಸ್ತಿ ತಂದು, ಗಾಳಿಯಾಡದ ಡಬ್ಬಿಯಲ್ಲಿ ಹಾಕಿಡಿ.