ಸಾಫ್ಟ್ ಲಾಕಪ್ ಮೆಸೇಜು ಆಫ್ ಮಾಡುವುದು ಹೇಗೆ? ಪ್ರೊಸೆಸರ್ ಬದಲಿಸಬೇಕಾ?

ಆಫ್ ಮಾಡಬೇಡಿ. ಪ್ರೊಸೆಸರಿಗೂ ಈಗಲೇ ದುಡ್ಡು ಹಾಕಬೇಡಿ.

ಹಾಸನದ ನಿಮ್ಮ ಆಫೀಸಿನ ಲಿನಕ್ಸ್ ಸರ್ವರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ‘ಸಾಫ್ಟ್ ಲಾಕಪ್, ಸಿಪಿಯು 0 ಸಿಕ್ಕಿಕೊಂಡು 22 ಸೆಕೆಂಡ್ ಆಯಿತು’ ಎಂಬ ಮೆಸೇಜು ಬರುತ್ತದೆ, ಕೆಳಗಿನ ಟ್ರೇಸಿನಲ್ಲಿ, ಅಂದರೆ ಆ ಹೊತ್ತಿಗೆ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿಯಲ್ಲಿ, ಪ್ರತಿ ಸಲ ಬೇರೆ ಬೇರೆ ಹೆಸರು ಇರುತ್ತದೆ ಅಂದಿದ್ದೀರಿ. ಓದುತ್ತಿದ್ದ ಹಾಗೆ ನನಗೆ ಆಲ್ದೂರು ಹತ್ತಿರದ ಒಂದು ತೋಟ ಕಣ್ಣ ಮುಂದೆ ಬಂತು.

ನಾನು ಚಿಕ್ಕಮಗಳೂರಿನವನು. ಕಾಫಿ ತೋಟಗಳಿಗೆ ಪಂಪು ನೋಡಿಕೊಳ್ಳುವ ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಮಾಡಿಕೊಡುತ್ತೇನೆ. ಒಳಗೆ ನಾಲ್ಕು ಕೋರಿನ ಒಂದು ಆರ್ಮ್ ಬೋರ್ಡು, ಅದರಲ್ಲಿ ಲಿನಕ್ಸ್. ಆ ತೋಟದಲ್ಲಿ ಹಳ್ಳದ ಪಕ್ಕದ ಬಾವಿಯಿಂದ ಮೇಲಿನ ಹೊಂಡಕ್ಕೆ ನೀರು ಎತ್ತುತ್ತಿದ್ದರು. ಹೊಂಡದಿಂದ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್. ತ್ರೀ ಫೇಸ್ ಕರೆಂಟು ಬರುವುದು ರಾತ್ರಿ. ಹಾಗಾಗಿ ಬಾವಿ ಖಾಲಿಯಾದರೆ ಪಂಪು ನಿಲ್ಲಿಸಲು ಅಲ್ಲಿ ಯಾರೂ ಎದ್ದಿರುವುದಿಲ್ಲ. ಬಾವಿಯಲ್ಲಿ ಒಂದು ಫ್ಲೋಟ್ ಸ್ವಿಚ್ ಇಳಿಬಿಟ್ಟಿದ್ದೆ. ನೀರು ಕೆಳಗಿಳಿದರೆ ಸ್ವಿಚ್ ಕೂಡಿಕೊಂಡು ಬೋರ್ಡಿಗೆ ಇಂಟರಪ್ಟ್ (ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ನೋಡು ಎಂಬ ಸೂಚನೆ) ಕೊಡಬೇಕು, ನನ್ನ ಪ್ರೋಗ್ರಾಮು ಪಂಪು ನಿಲ್ಲಿಸಬೇಕು. ಇಷ್ಟೇ ಕೆಲಸ.

2020ರ ಅಕ್ಟೋಬರಿನಲ್ಲಿ ಕೂರಿಸಿದೆ. ಆಗ ಬಾವಿ ತುಂಬಿತ್ತು, ಏನೂ ತೊಂದರೆ ಬರಲಿಲ್ಲ. ಡಿಸೆಂಬರಿನಲ್ಲಿ ಬೆಳಗಿನ ಜಾವದ ಲಾಗಿನಲ್ಲಿ ನಿಮ್ಮದೇ ಮೆಸೇಜು ಶುರುವಾಯಿತು. ಸಿಪಿಯು 0 (ಅಂದರೆ ಮೊದಲ ಕೋರು), 22 ಸೆಕೆಂಡ್. ಇನ್ನೊಂದು ದಿನ 23. ಒಂದು ಸಲ ಟ್ರೇಸಿನಲ್ಲಿ ಫೈಲ್ ಸಿಸ್ಟಮಿನ ಫಂಕ್ಷನ್, ಇನ್ನೊಂದು ಸಲ ಮೆಮೊರಿಯದು, ಮತ್ತೊಂದು ಸಲ ಸಿಪಿಯು ಸುಮ್ನೆ ಕೂತಾಗ ಓಡುವ ಐಡಲ್ ಕೋಡು. ಅರ್ಧ ನಿಮಿಷದ ನಂತರ ಎಲ್ಲ ಸರಿ. ಅಗ್ಗದ ಬೋರ್ಡು, ಚಳಿಗೆ ಹೀಗಾಡುತ್ತಿದೆ ಅಂದುಕೊಂಡೆ.

ನಾನು ತಪ್ಪಿದ್ದು ಇಲ್ಲಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವು ಈಗ ನಿಂತಿರುವ ಜಾಗ ಅದೇ.

ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ, ಸಿಪಿಯು ಸಿಕ್ಕಿಕೊಂಡಿದೆಯಾ ಎಂದು ಕಾಯುವ ಒಂದು ವಾಚ್‌ಡಾಗ್ ಇದೆ. ಅದಕ್ಕೆ ‘ವಾಚ್‌ಡಾಗ್ ಥ್ರೆಶ್’ ಎಂಬ ಒಂದು ಸೆಟ್ಟಿಂಗ್ ಇದೆ. ಮಾಮೂಲಿಯಾಗಿ ಅದು 10 ಸೆಕೆಂಡ್. ಸಾಫ್ಟ್ ಲಾಕಪ್ಪಿಗೆ ಅದರ ಎರಡರಷ್ಟು, ಅಂದರೆ 20. ಪ್ರತಿ ಸಿಪಿಯುನಲ್ಲೂ 4 ಸೆಕೆಂಡಿಗೊಮ್ಮೆ ಒಂದು ಟೈಮರ್ ಎದ್ದು, ಎಲ್ಲರಿಗಿಂತ ಮೇಲಿನ ಪ್ರಯಾರಿಟಿಯ ಒಂದು ಪುಟ್ಟ ಕೆಲಸಕ್ಕೆ ಸರದಿ ಸಿಕ್ಕಿತಾ ಎಂದು ನೋಡುತ್ತದೆ. 20 ಸೆಕೆಂಡ್ ದಾಟಿದರೂ ಸಿಕ್ಕಿಲ್ಲ ಅಂದರೆ ಕೂಗುತ್ತದೆ. 22, 23 ಎಂಬ ಅಂಕಿ ಬರುವುದು ಹೀಗೆ. ಅಂದರೆ ಆ ಮೆಸೇಜು ಪ್ರೊಸೆಸರ್ ಕೆಟ್ಟಿದೆ ಎಂದು ಹೇಳುತ್ತಿಲ್ಲ. ‘ಈ ಸಿಪಿಯುನಲ್ಲಿ ಇಷ್ಟು ಹೊತ್ತು ಬೇರೆ ಯಾರಿಗೂ ಸರದಿ ಸಿಕ್ಕಿಲ್ಲ’ ಎನ್ನುತ್ತಿದೆ. ಎಷ್ಟು ದೊಡ್ಡ ಮಾತು ಅಲ್ವಾ?

ನಾನು ಥ್ರೆಶ್ಶನ್ನು 60 ಮಾಡಿದೆ. ಅದಕ್ಕಿಂತ ಜಾಸ್ತಿ ಇಡಲು ಕರ್ನಲ್ ಬಿಡುವುದಿಲ್ಲ. ಆಗ 2 ನಿಮಿಷ ಸಿಕ್ಕಿಕೊಂಡರೆ ಮಾತ್ರ ಮೆಸೇಜು. ಜನವರಿಯಲ್ಲಿ ಆ 2 ನಿಮಿಷವನ್ನೂ ದಾಟಿ ಒಂದು ಬಂತು. ನಾನು ಸೊನ್ನೆ ಮಾಡಿದೆ. ಸೊನ್ನೆ ಅಂದರೆ ವಾಚ್‌ಡಾಗ್ ಪೂರ್ತಿ ಬಂದ್. 22 ಸೆಕೆಂಡಿನ ತೊಂದರೆ 2 ನಿಮಿಷಕ್ಕೆ ಬೆಳೆದಿದೆ ಎಂದು ಅದೇ ಮೆಸೇಜು ಹೇಳಿತ್ತು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ, ಬಾಯಿ ಮುಚ್ಚಿಸಿದೆ. ಲಾಗು ಶುದ್ಧವಾಯಿತು. ತೋಟದ ಮಾಲೀಕರಾದ ಗೌಡ್ರಿಗೆ ಫೋನ್ ಮಾಡಿ ‘ಸರಿಯಾಯಿತು’ ಎಂದೆ.

ಫೆಬ್ರವರಿ ಕೊನೆಗೆ ಹೂವಿಗೆ ನೀರು ಕೊಡಲು ಶುರು ಮಾಡಿದರು. ಮೂರನೇ ರಾತ್ರಿ ಬಾವಿ ಬತ್ತಿತು. ಫ್ಲೋಟ್ ಇಳಿಯಿತು, ಸ್ವಿಚ್ ಕೂಡಿತು. ಪಂಪು ನಿಲ್ಲಲಿಲ್ಲ. 7.5 ಎಚ್‌ಪಿ ಸಬ್‌ಮರ್ಸಿಬಲ್ ಮೋಟಾರು, ತಣ್ಣಗಿರಲು ಅದಕ್ಕೆ ನೀರೇ ಬೇಕು. ಬೆಳಿಗ್ಗೆ ತೋಟದ ರೈಟರು (ಲೆಕ್ಕ ಬರೆಯುವವರು) ಹೋಗಿ ನೋಡುವಾಗ ಸುಟ್ಟಿತ್ತು. ವೈಂಡಿಂಗ್ ಮಾಡಿಸಿ ಮತ್ತೆ ಇಳಿಸಲು 9 ದಿನ ಹಿಡಿಯಿತು. ಅಷ್ಟರಲ್ಲಿ ತೋಟದ ಅರ್ಧ ಭಾಗ ನೆನೆದಿತ್ತು, ಅರ್ಧ ಒಣಗಿತ್ತು. ನೀರು ಸಾಲದ ಮೊಗ್ಗು ಸರಿಯಾಗಿ ಅರಳುವುದಿಲ್ಲ. ‘ಪೆಟ್ಟಿಗೆ ಇದೆಯಲ್ಲ ಅಂತ ನಂಬಿ ಮಲಗಿದ್ದೆ ಕಣಪ್ಪ’ ಎಂದರು ಗೌಡ್ರು. ಬೈಯಲಿಲ್ಲ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಗಿದ್ದೇನು ಅಂದರೆ, ಫ್ಲೋಟಿನ ತಂತಿಯನ್ನು, ಅಂದರೆ ಲೈನನ್ನು, ಓದುವ ಡ್ರೈವರ್ ನಾನೇ ಬರೆದದ್ದು. ಅದರಲ್ಲಿ ಲೆವೆಲ್ ಟ್ರಿಗರ್ ಕೇಳಿದ್ದೆ. ಲೈನು ಲೋ (ಸ್ವಿಚ್ ಕೂಡಿ ವೋಲ್ಟೇಜ್ ಇಳಿದ ಸ್ಥಿತಿ) ಇರುವಷ್ಟು ಹೊತ್ತೂ ಇಂಟರಪ್ಟ್ ಬರುತ್ತಲೇ ಇರುತ್ತದೆ. ಇಂಟರಪ್ಟ್ ಬಂದಾಗ ಓಡುವ ಹ್ಯಾಂಡ್ಲರ್ ಮುಗಿಯಿತು, ಲೈನು ಇನ್ನೂ ಲೋ, ಮತ್ತೆ ಇಂಟರಪ್ಟ್. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಬಟನ್ ಒಂದು ಕ್ಷಣ ಒತ್ತಿ ಬಿಡುತ್ತಿದ್ದೆ, ಹಾಗಾಗಿ ಗೊತ್ತಾಗಲಿಲ್ಲ. ಡಿಸೆಂಬರಿನಲ್ಲಿ ಕೇಬಲ್ ಜಾಯಿಂಟಿಗೆ ಇಬ್ಬನಿ ಇಳಿದು ಲೈನು ಅರ್ಧ ನಿಮಿಷ ಲೋ ಆಗುತ್ತಿತ್ತು. ಫೆಬ್ರವರಿಯಲ್ಲಿ ನಿಜವಾಗಿಯೇ ಲೋ ಆಗಿ ಹಾಗೇ ನಿಂತಿತು. ಪಂಪು ನಿಲ್ಲಿಸುವ ಪ್ರೋಗ್ರಾಮನ್ನೂ ನಾನು ಅದೇ ಸಿಪಿಯು 0ಗೆ ಕಟ್ಟಿಹಾಕಿದ್ದೆ. ಅದಕ್ಕೆ ಸರದಿ ಬರಲೇ ಇಲ್ಲ. ಬೋರ್ಡಿನಲ್ಲಿ ಹಾರ್ಡ್‌ವೇರ್ ವಾಚ್‌ಡಾಗ್ ಬೇರೆ ಇದೆ, ಆಗಾಗ ತಟ್ಟದಿದ್ದರೆ ಬೋರ್ಡನ್ನು ರೀಬೂಟ್ ಮಾಡುತ್ತದೆ. ಅದನ್ನು ತಟ್ಟುವ ಪ್ರೋಗ್ರಾಮು ಬೇರೆ ಕೋರಿನಲ್ಲಿ ಆರಾಮಾಗಿ ಓಡುತ್ತಿತ್ತು, ಹಾಗಾಗಿ ರೀಬೂಟ್ ಕೂಡ ಆಗಲಿಲ್ಲ.

ಇನ್ನೊಂದು ವಿಷಯ. ಲಿನಕ್ಸಿಗೆ ತನ್ನನ್ನು ಕಾಪಾಡಿಕೊಳ್ಳುವ ಒಂದು ದಾರಿ ಇದೆ. ಒಂದು ಲೈನಿನಲ್ಲಿ 1,00,000 ಇಂಟರಪ್ಟ್ ಬಂದು, ಅದರಲ್ಲಿ 99,900ಕ್ಕಿಂತ ಜಾಸ್ತಿ ಸಲ ಯಾವ ಡ್ರೈವರೂ ‘ನನ್ನದು’ ಅನ್ನದಿದ್ದರೆ, ‘ನೋಬಡಿ ಕೇರ್ಡ್’ ಎಂದು ಬರೆದು ಆ ಲೈನನ್ನೇ ಮುಚ್ಚುತ್ತದೆ. ನನ್ನ ಹ್ಯಾಂಡ್ಲರ್ ಏನನ್ನೂ ನೋಡದೆ ಪ್ರತಿ ಸಲ ‘ನನ್ನದು’ ಎನ್ನುತ್ತಿತ್ತು. ಆ ಬಾಗಿಲನ್ನೂ ನಾನೇ ಮುಚ್ಚಿದ್ದೆ.

ಕಂಡುಹಿಡಿಯಲು ಬೇಕಾದದ್ದು ಹತ್ತು ನಿಮಿಷ. ಮನೆಗೆ ತಂದು ಫ್ಲೋಟಿನ ತಂತಿಯನ್ನು ಒಂದು ನಿಮಿಷ ಗ್ರೌಂಡಿಗೆ ಮುಟ್ಟಿಸಿ ಬಿಟ್ಟೆ. ಯಾವ ಲೈನಿನಲ್ಲಿ ಎಷ್ಟು ಇಂಟರಪ್ಟ್ ಬಂತು ಎಂದು ಲಿನಕ್ಸ್ ಲೆಕ್ಕ ಇಡುವ, ಪ್ರೊಕ್ ಡೈರೆಕ್ಟರಿಯ ಇಂಟರಪ್ಟ್ಸ್ ಫೈಲಿನಲ್ಲಿ ಆ ಲೈನಿನ ಲೆಕ್ಕ ಮೊದಲು 200 ಚಿಲ್ಲರೆ ಇತ್ತು. ಆಮೇಲೆ 70 ಲಕ್ಷ ದಾಟಿತ್ತು. ಆ ಅಂಕಿ ನೋಡಿ ತುಂಬಾ ಹೊತ್ತು ಕೂತೇ ಇದ್ದೆ. ಡಿಸೆಂಬರಿನಲ್ಲೂ ಅದು ಅಲ್ಲೇ ಇತ್ತು, ನಾನು ತೆರೆದು ನೋಡಿರಲಿಲ್ಲ.

ಈಗ ನಿಮ್ಮ ಸರ್ವರಿಗೆ ಬರೋಣ. ಟ್ರೇಸಿನ ಹೆಸರು ಪ್ರತಿ ಸಲ ಬದಲಾಗುತ್ತಿದೆ ಎನ್ನುವುದೇ ನಿಮ್ಮ ಪ್ರಶ್ನೆಯಲ್ಲಿ ಇರುವ ದೊಡ್ಡ ಸುಳಿವು. ಒಂದೇ ಫಂಕ್ಷನ್ ಮತ್ತೆ ಮತ್ತೆ ಬಂದಿದ್ದರೆ ಯಾವುದೋ ಡ್ರೈವರ್ ಲೂಪಿನಲ್ಲಿದೆ ಅಥವಾ ಸ್ಪಿನ್‌ಲಾಕ್ (ಬೇರೆಯವರನ್ನು ಕಾಯಿಸುವ ಬೀಗ) ಹಿಡಿದು ಕೂತಿದೆ ಎನ್ನುತ್ತಿದ್ದೆ. ಬದಲಾಗುತ್ತಿದ್ದರೆ, ಅಲ್ಲಿ ಕಾಣುವವರು ಆ ಹೊತ್ತಿಗೆ ಸಿಕ್ಕಿಬಿದ್ದ ಅಮಾಯಕರು. ಬಹುಶಃ ಅವರ ತಲೆಯ ಮೇಲೆ ಇಂಟರಪ್ಟು ಸುರಿಯುತ್ತಿದೆ.

ಇಂಟರಪ್ಟ್ಸ್ ಫೈಲಿನ ಪ್ರತಿ ತೆಗೆಯಿರಿ. 10 ಸೆಕೆಂಡ್ ಬಿಟ್ಟು ಇನ್ನೊಂದು ತೆಗೆಯಿರಿ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಟೈಮರ್ ಸಾಲಿನಲ್ಲಿ ಕೆಲವು ಸಾವಿರ ಬಂದರೆ ಅದು ಸಹಜ. ಬೇರೆ ಒಂದು ಸಾಲು ಲಕ್ಷಗಟ್ಟಲೆ ಏರಿದ್ದರೆ ಕಳ್ಳ ಸಿಕ್ಕಿದ ಹಾಗೆ. ಮೆಸೇಜು ಬರುವ ಹೊತ್ತಿಗೆ ನೀವು ಅಲ್ಲಿರುವುದಿಲ್ಲ, ಆದ್ದರಿಂದ ನಿಮಿಷಕ್ಕೊಂದು ಪ್ರತಿ ತೆಗೆಯುವ ಸ್ಕ್ರಿಪ್ಟ್ ಬರೆದು, ಅದನ್ನು ಸಿಪಿಯು 0 ಬಿಟ್ಟು ಬೇರೆ ಕೋರಿಗೆ ಕಟ್ಟಿ. ನಿಮ್ಮ ಕರ್ನಲ್ 6.10 ಅಥವಾ ಅದಕ್ಕಿಂತ ಹೊಸದಾದರೆ ಇನ್ನೂ ಸುಲಭ. ಅದರಲ್ಲಿ ಇಂಟರಪ್ಟ್ ಸ್ಟಾರ್ಮ್ ಪತ್ತೆ ಮಾಡುವ ಕಾನ್ಫಿಗ್ ಆಯ್ಕೆ ಆನ್ ಆಗಿದ್ದರೆ, ಲಾಕಪ್ ಮೆಸೇಜಿನ ಜೊತೆಗೇ ಯಾವ ಇಂಟರಪ್ಟ್ ಜಾಸ್ತಿ ಬಂತು ಎಂದು ಬರೆಯುತ್ತದೆ.

ಯಾವ ಸಾಲೂ ಹಾಗೆ ಏರಿಲ್ಲದೆ, ಟಾಪ್ ಕಮಾಂಡಿನ ಪಟ್ಟಿಯಲ್ಲಿ ಕೆ-ಸಾಫ್ಟ್‌ಐಆರ್‌ಕ್ಯೂ-ಡಿ (ಇಂಟರಪ್ಟುಗಳ ಬಾಕಿ ಕೆಲಸ ಮುಗಿಸುವ ಕರ್ನಲ್ ಕೆಲಸ) ಎಲ್ಲಕ್ಕಿಂತ ಮೇಲೆ ಕೂತಿದ್ದರೆ ನೆಟ್‌ವರ್ಕ್ ಕಾರ್ಡಿನ ಕಡೆ ನೋಡಿ. ಸರ್ವರ್ ವರ್ಚುವಲ್ ಮಷೀನ್ ಆಗಿದ್ದರೆ ಸ್ಟೀಲ್ ಟೈಮ್ ನೋಡಿ. ಕೆಳಗಿನ ಹೋಸ್ಟು ಸರದಿ ಕೊಡದಿದ್ದರೂ ಇದೇ ಮೆಸೇಜು ಬರುತ್ತದೆ.

ಇಂಟರಪ್ಟುಗಳನ್ನು ಕೋರುಗಳಿಗೆ ಹಂಚುವ ಐಆರ್‌ಕ್ಯೂ ಬ್ಯಾಲೆನ್ಸ್ ಹಾಕಿದರೆ ಸರಿಹೋಗುತ್ತದೆ ಎಂದು ನಿಮಗೆ ಯಾರೋ ಹೇಳಿದ್ದಾರಂತೆ. ಒಪ್ಪುವುದಿಲ್ಲ. ಒಂದೇ ಲೈನಿನ ಕಾಟವಾದರೆ ಅದು ಸಿಪಿಯು 0ರಿಂದ ಸಿಪಿಯು 2ಕ್ಕೆ ಹೋಗುತ್ತದೆ, ಅಷ್ಟೇ. ಥ್ರೆಶ್ಶನ್ನು 10ರಲ್ಲೇ ಬಿಡಿ. ಅದರ ಬದಲು ‘ಸಾಫ್ಟ್‌ಲಾಕಪ್ ಪ್ಯಾನಿಕ್’ ಆನ್ ಮಾಡಿ ಕೆಡಂಪ್ ಹಾಕಿ. ಮಷೀನು ಬೀಳಲಿ, ಬಿದ್ದ ಹೊತ್ತಿನ ಮೆಮೊರಿ ನಿಮ್ಮ ಕೈಗೆ ಸಿಗಲಿ. ಆಫೀಸಿನವರು ರೀಬೂಟಿಗೆ ಗೊಣಗುತ್ತಾರೆ, ಗೊಣಗಲಿ.

ನಾನು ಆಮೇಲೆ ಡ್ರೈವರನ್ನು, ಲೈನು ಬದಲಾದ ಕ್ಷಣದಲ್ಲಿ ಮಾತ್ರ ಇಂಟರಪ್ಟ್ ಬರುವ ಎಡ್ಜ್ ಟ್ರಿಗರಿಗೆ ಬದಲಿಸಿದೆ. ಇಂಟರಪ್ಟ್ ಬಂದ 50 ಮಿಲಿಸೆಕೆಂಡಿನ ನಂತರ ಲೈನನ್ನು ಮತ್ತೊಮ್ಮೆ ಓದಿ ನಂಬುತ್ತೇನೆ. ಸ್ವಿಚ್ ಕೂಡದಿದ್ದಾಗ ಲೈನು ಲೋ ಆಗದಂತೆ ಹಿಡಿಯುವ ಪುಲ್-ಅಪ್ ರೆಸಿಸ್ಟರ್ ಹಾಕಿ, ಜಾಯಿಂಟನ್ನು ರೆಸಿನಿನಲ್ಲಿ ಮುಚ್ಚಿದೆ. ಫ್ಲೋಟಿನ ಇನ್ನೊಂದು ಜೊತೆ ತಂತಿಯನ್ನು ನೇರವಾಗಿ ಪಂಪಿನ ಸ್ಟಾರ್ಟರಿಗೆ ಎಳೆದೆ, ಮಧ್ಯೆ ಕಂಪ್ಯೂಟರೇ ಇಲ್ಲ. ಮೋಟಾರಿನ ಖರ್ಚು ನಾನು ಕೊಟ್ಟೆ. ಈಗಲೂ ಫೆಬ್ರವರಿ ಬಂದರೆ ಆ ತೋಟಕ್ಕೆ ಹೋಗಿ ಮೊದಲು ಇಂಟರಪ್ಟ್ಸ್ ಫೈಲಿನಲ್ಲಿ ಫ್ಲೋಟಿನ ಸಾಲಿನ ಲೆಕ್ಕ ನೋಡುತ್ತೇನೆ. ಹೋದ ಸಲ 38 ಇತ್ತು.

ನಿಮ್ಮ ಎರಡು ಪ್ರತಿಗಳ ವ್ಯತ್ಯಾಸವನ್ನು ಕಾಮೆಂಟಿನಲ್ಲಿ ಹಾಕಿ. ಸರ್ವರಿಗೆ ಒಂದು ಹಳೆ ಸೀರಿಯಲ್ ಕಾರ್ಡ್ ಸಿಕ್ಕಿಸಿದ್ದೀರಿ ಎಂದೂ ಬರೆದಿದ್ದೀರಲ್ಲ, ಅದು ಯಾವ ಇಂಟರಪ್ಟ್ ಲೈನಿನಲ್ಲಿದೆ, ಅದೇ ಲೈನಿನಲ್ಲಿ ಇನ್ನು ಯಾವ ಸಾಧನಗಳಿವೆ, ಅದನ್ನೂ ತಿಳಿಸಿ.